ಹುಣಸೆ ನೆರಳಲ್ಲಿ ಕೈ ಹಿಡಿದವರು

ದೇವನಹಳ್ಳಿಯಿಂದ ಹೊರಟ ಇದ್ದಿಲು ಬಸ್ಸು ಏರು ಹತ್ತಲಾರದೆ ನಿಂತಾಗ ನಾವೆಲ್ಲ ಇಳಿದು ಹುಣಸೆಮರದ ನೆರಳಲ್ಲಿ ಕೂತೆವು. ಆಗ ನನ್ನ ತೋಳಿನ ಮಾಂಸ ತಾನಾಗಿಯೇ ಅದುರತೊಡಗಿತು. ಸೆರಗಿನಿಂದ ಮುಚ್ಚಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನೋಡಿಬಿಟ್ಟಿದ್ದರು.

ಅದು ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಎರಡನೇ ಮಹಾಯುದ್ಧದ ಕಾಲ. ನಾನು ಚೊಚ್ಚಲ ಬಸುರಿ. ಮೈ ಅಲ್ಲಲ್ಲಿ ಅದುರುತ್ತಿತ್ತು, ಉಸಿರು ಅರ್ಧಕ್ಕೇ ನಿಂತಂತಾಗುತ್ತಿತ್ತು. ಡಾಕ್ಟರಿಗೂ ಪಂಡಿತರಿಗೂ ಕಾರಣ ಸಿಕ್ಕಿರಲಿಲ್ಲ. ಮಗುವಿನ ಮುಖ ನೋಡುವವರೆಗಾದರೂ ಬದುಕಿರುತ್ತೇನೋ ಇಲ್ಲವೋ ಎಂಬ ಭಯವನ್ನು ಯಾರಿಗೂ ಹೇಳಿರಲಿಲ್ಲ.

ಆಕೆ ನನ್ನ ಕೈಯನ್ನು ತಮ್ಮ ಕಾಲಿನ ಮೀನಖಂಡದ ಮೇಲೆ ಇಟ್ಟುಕೊಂಡರು. ಅಲ್ಲೂ ಚರ್ಮದಡಿ ಏನೋ ಹೊರಳಿದಂತೆ ಅದೇ ಅದುರು!

"ನಂಗೂ ಹಿಂಗೇ ಕಣವ್ವ, ಮದ್ವೆಗೆ ಮುಂಚಿಂದ. ಉಸ್ರೂ ಸಿಕ್ಕಾಕ್ಕೊಳ್ತದೆ. ಯಾಕೆ ಅಂತ ಯಾರ್ಗೂ ಗೊತ್ತಿಲ್ಲ. ಆದ್ರೂ ಮೊಮ್ಮಕ್ಳನ್ನ ಕಂಡಿವ್ನಿ ನೋಡು."

ಹುಣಸೆಯ ಸಣ್ಣ ಎಲೆಗಳು ನಮ್ಮಿಬ್ಬರ ಮೇಲೆ ಮೆಲ್ಲಗೆ ಉದುರುತ್ತಿದ್ದವು. ಎಷ್ಟು ಹೊತ್ತು ಹಾಗೇ ಕೈ ಹಿಡಿದು ಕೂತಿದ್ದೆವೋ, ಎಲ್ಲವೂ ಕನಸಿನಂತಿತ್ತು.

ಈಗ ಮಗಳು ಅಂಗಳದಲ್ಲಿ ಓಡಾಡುತ್ತಾಳೆ. ನನ್ನ ಮೈ ಇನ್ನೂ ಅದುರುತ್ತದೆ, ಉಸಿರೂ ಸಿಕ್ಕುತ್ತದೆ. ಆಗೆಲ್ಲ ಸುಮ್ಮನೆ ಕೂತು ಅದು ಹಾದುಹೋಗಲೆಂದು ಕಾಯುತ್ತೇನೆ. ಹಾದುಹೋಗುತ್ತದೆ.