ಭಾವನ ಮಾತಿಗೊಂದು ಗನ್ ಮೈಕು

ನಮ್ಮ ಭಾವ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಕರೆಯುವ ಏಜೆಂಟರಾಗಿದ್ದರು. ಕೈಯಲ್ಲಿ ಮೈಕಿಲ್ಲ, ಪೀಪಿಯಿಲ್ಲ, ಬರೀ ಗಂಟಲು. ‘ಅನೂರು, ಕೌದಳ್ಳಿ, ಬೆಟ್ಟ’ ಎಂದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತು ತಿರುಗಿಸಿ ಅವರು ಕೂಗಿದರೆ ಆ ತುದಿಯಲ್ಲಿ ಟೀ ಕುಡಿಯುತ್ತಿದ್ದವರು ಅರ್ಧ ಲೋಟ ಬಿಟ್ಟು ಓಡಿ ಬರುತ್ತಿದ್ದರು. ಅವರ ಬಾಯಲ್ಲಿ ಅನೂರಾಗುವ ಹನೂರಿನಲ್ಲಿ ನಾನು ಹೈಸ್ಕೂಲು ಮೇಷ್ಟ್ರು, ನನ್ನ ದನಿಯೂ ಸಣ್ಣದಲ್ಲ. ಆದರೂ ಭಾವ ನನ್ನನ್ನು ಕಂಡಾಗಲೆಲ್ಲ, ನಿನ್ನ ಪಾಠ ಮೂರನೇ ಬೆಂಚಿನವರೆಗಾದರೂ ಹೋಗುತ್ತದೇನಯ್ಯಾ ಎಂದು ಕಾಲೆಳೆಯುತ್ತಿದ್ದರು. ಭಾವ ಬಾಮೈದರ ನಡುವೆ ಅಷ್ಟೂ ನಡೆಯದಿದ್ದರೆ ನಂಟಸ್ತನಕ್ಕೆ ಉಪ್ಪು ಖಾರ ಎಲ್ಲಿಂದ ಬರಬೇಕು?

ಎರಡು ವರ್ಷದ ಹಿಂದೆ ಅವರ ಕತ್ತಿನಲ್ಲಿ ಗಂಟೊಂದು ಎದ್ದಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಗಂಟು ದನಿಯ ನರವನ್ನೇ ಸುತ್ತಿಕೊಂಡಿದೆ, ಜೀವಕ್ಕೆ ಭಯವಿಲ್ಲ, ದನಿಯ ವಿಷಯ ಹೇಳಲಾಗದು ಎಂದು ಡಾಕ್ಟರು ಮುಂಚೆಯೇ ತಿಳಿಸಿದ್ದರು. ಕೊನೆಗೆ ಜೀವ ಉಳಿಯಿತು, ದನಿ ಹೋಯಿತು. ಪೂರ್ತಿ ಹೋಯಿತೆನ್ನುವಂತೆಯೂ ಇಲ್ಲ. ಮಾತಿನ ಜಾಗದಲ್ಲಿ ಉಸಿರು ಬರುತ್ತಿತ್ತು, ಉಸಿರಿನೊಳಗೆ ಹುಡುಕಿದರೆ ಮಾತು ಸಿಗುತ್ತಿತ್ತು. ಎರಡು ಮೂರು ಪದಕ್ಕೊಮ್ಮೆ ನಿಂತು ಗಾಳಿ ಎಳೆದುಕೊಳ್ಳಬೇಕು. ಬಸ್ ಸ್ಟ್ಯಾಂಡಿನ ಕೆಲಸ ಬಿಟ್ಟು ಭಾವ ಕುಂತೂರಿನ ಮನೆಯಲ್ಲಿ ಕೂತರು.

ದನಿ ಹೋದದ್ದಕ್ಕಿಂತ ಆಮೇಲೆ ಆದದ್ದನ್ನು ನೋಡಿ ನನಗೆ ಹೆಚ್ಚು ಸಂಕಟವಾಯಿತು. ಭಾವ ಶುರು ಮಾಡಿದ ಮಾತನ್ನು ಮನೆಯವರೆಲ್ಲ ಸೇರಿ ಮುಗಿಸತೊಡಗಿದರು. ‘ನಾಳೆ’ ಎಂದು ಅವರು ಉಸಿರೆಳೆದುಕೊಳ್ಳುವಷ್ಟರಲ್ಲಿ, ನಾಳೆ ಕಬ್ಬು ಕಡಿಯುವವರು ಬರುತ್ತಾರೆ, ಗೊತ್ತು ಬಿಡಿ ಎಂದು ನಮ್ಮಕ್ಕ ಒಳಗಿನಿಂದಲೇ ಪೂರೈಸುತ್ತಿದ್ದಳು. ಅವರು ಹೇಳಬೇಕೆಂದಿದ್ದು ಅದಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅಕ್ಕನಿಗೆ ಗಂಡನ ಮೇಲೆ ಪ್ರಾಣ, ಅವರಿಗೆ ಆಯಾಸವಾಗಬಾರದೆಂದೇ ಅವಳು ಹಾಗೆ ಮಾಡುತ್ತಿದ್ದದ್ದು. ಪ್ರೀತಿಯಿಂದ ಬಾಯಿ ಮುಚ್ಚಿಸಿದರೆ ಜಗಳವಾಡುವುದಕ್ಕೂ ದಾರಿಯಿರುವುದಿಲ್ಲ. ಬರಬರುತ್ತ ಭಾವ ಶುರು ಮಾಡುವುದನ್ನೇ ಬಿಟ್ಟರು. ರಸ್ತೆಯಲ್ಲಿ ಫ್ಯಾಕ್ಟರಿಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳನ್ನು ನೋಡುತ್ತ ಜಗಲಿಯ ಮೇಲೆ ಕೂತಿರುತ್ತಿದ್ದರು.

ಹೀಗಿರುವಾಗ ಅವರ ಮಗಳಿಗೆ ಯಳಂದೂರಿನ ಕಡೆಯಿಂದ ಒಳ್ಳೆಯ ಸಂಬಂಧ ಕೂಡಿ ಬಂತು. ಮದುವೆಗೆ ಮೊದಲು ಒಪ್ಪುವೀಳ್ಯ ಆಗಬೇಕು. ಎರಡು ಕಡೆಯವರೂ ಎದುರುಬದುರು ಕೂತು ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳುವ ಶಾಸ್ತ್ರ ಅದು. ಆಗ ಹೆಣ್ಣಿನ ತಂದೆ, ಹೆಣ್ಣು ಕೊಟ್ಟೆವು ಎಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬೇಕು. ತಟ್ಟೆಗಿಂತ ಆ ಮಾತೇ ದೊಡ್ಡದು. ಭಾವನ ಅಣ್ಣ ಅದೇ ಊರಿನ ಕಬ್ಬಿನ ರೈತರು, ಗದ್ದೆಯ ಈ ಬದುವಿನಲ್ಲಿ ನಿಂತು ಆ ಬದುವಿನ ಆಳಿನ ಜೊತೆ ಹರಟುವ ದನಿ. ಮಾತು ಕೊಡುವ ಕೆಲಸ ನನಗಿರಲಿ, ತಮ್ಮ ಕೂತಿರಲಿ ಸಾಕು ಎಂದು ಅವರು ಧಾರಾಳವಾಗಿ ಒಪ್ಪಿಕೊಂಡರು. ಎಲ್ಲರೂ ಹೌದೌದು ಎಂದರು. ಆವತ್ತು ಸಂಜೆ ಭಾವ ನನ್ನ ತೋಳು ಹಿಡಿದು ಜಗಲಿಯ ಮೂಲೆಗೆ ಕರೆದುಕೊಂಡು ಹೋದರು.

“ನಾನೇ ಏಳ್ತೀನಿ ಕಣ್ಲಾ,” ಅಂದರು. “ನನ್ ಮಗಳು.”

ಬೇಡವೆನ್ನಲು ನಾನು ಯಾರು? ಆದರೆ ಹೇಳುವುದು ಹೇಗೆ? ಬಾಡಿಗೆಗೆ ಮೈಕ್ ಸೆಟ್ಟು ತಂದು ನೋಡಿದೆವು. ಮೈಕನ್ನು ಬಾಯಿಯ ಹತ್ತಿರ ಹಿಡಿದರೆ ಸ್ಪೀಕರಿನಲ್ಲಿ ಒಲೆ ಊದಿದ ಸದ್ದು ಬಂತು, ದೂರ ಹಿಡಿದರೆ ಏನೂ ಬರಲಿಲ್ಲ, ದನಿ ಏರಿಸಿದರೆ ಸ್ಪೀಕರೇ ಕೀಂಯ್ ಎಂದು ಅರಚಿತು. ಬರಿಗಂಟಲಲ್ಲಿ ಬಸ್ ಸ್ಟ್ಯಾಂಡು ಆಳಿದವರು ಅದನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. ಅಷ್ಟಾದ ಮೇಲೆ ನನಗೆ ಉಳಿದದ್ದು ಒಂದೇ ಯೋಚನೆ. ವಿಡಿಯೋ ತೆಗೆಯುವವನು ಹೇಗೂ ನಾನೇ. ಕೂತ ಜನಕ್ಕೆ ಕೇಳದಿದ್ದರೆ ಬೇಡ, ವಿಡಿಯೋದಲ್ಲಾದರೂ ಭಾವನ ಮಾತು ಭಾವನದೇ ಆಗಿ ಇರಲಿ. ಮುಂದೊಂದು ದಿನ ಮಗಳು ಹಾಕಿಕೊಂಡು ಕೇಳಿಯಾಳು.

ನನ್ನ ಹತ್ತಿರ ಇದ್ದದ್ದು ಪಾಠದ ವಿಡಿಯೋ ಮಾಡಲು ಇಟ್ಟುಕೊಂಡ ಹಳೆಯ ಕ್ಯಾಮೆರಾ. ಚಿತ್ರವೇನೋ ಪರವಾಗಿಲ್ಲ, ಸದ್ದು ದೇವರಿಗೇ ಪ್ರೀತಿ. ಸಾ, ವಿಡಿಯೋದಲ್ಲಿ ನಿಮಗಿಂತ ಫ್ಯಾನೇ ಚೆನ್ನಾಗಿ ಪಾಠ ಮಾಡುತ್ತದೆ ಎಂದು ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೇಳಿ ಹೋಗಿದ್ದಳು. ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ನಿಜಕ್ಕೆ ಏನನ್ನಲಿ? ಕ್ಯಾಮೆರಾದೊಳಗಿನ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಒಂದೇ ಮರ್ಯಾದೆಯಿಂದ ಒಳಗೆ ಬಿಟ್ಟುಕೊಳ್ಳುತ್ತದೆ. ನನಗೆ ಬೇಕಾದದ್ದು ಒಬ್ಬರ ಕಡೆಗೆ ಮಾತ್ರ ಕಿವಿಗೊಡುವ ಮೈಕು.

ಅಂಗಿಗೆ ಸಿಕ್ಕಿಸುವ ಪುಟ್ಟ ಕಾಲರ್ ಮೈಕು ಸಾಕೆಂದು ಸಹೋದ್ಯೋಗಿಯೊಬ್ಬರು ತಮ್ಮದನ್ನೇ ಕೊಟ್ಟರು. ಭಾವ ಆಪರೇಷನ್ನಿನ ಕಲೆ ಕಾಣದಂತೆ ಸದಾ ಕತ್ತಿಗೊಂದು ಟವೆಲು ಸುತ್ತಿಕೊಂಡಿರುತ್ತಾರೆ. ಅದು ಮೈಕಿಗೆ ಉಜ್ಜಿ ಮೊರದಲ್ಲಿ ರಾಗಿ ಕೇರಿದಂತೆ ಕೇಳಿತು. ಟವೆಲು ತೆಗೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗಾಗಿ ಅವರನ್ನು ಮುಟ್ಟದೆ ದೂರದಿಂದಲೇ ಕೇಳಿಸಿಕೊಳ್ಳುವ ಉದ್ದನೆಯ ಕೊಳವೆ ಮೈಕು, ವಿಡಿಯೋದವರು ಗನ್ ಮೈಕು ಅನ್ನುವುದು, ಅದೇ ಆಗಬೇಕೆಂದು ತೀರ್ಮಾನಿಸಿದೆ. ಹೆಸರು ಕೇಳಿ ಅಕ್ಕ, ಶುಭಕಾರ್ಯಕ್ಕೆ ಬಂದೂಕು ಯಾಕೆ, ಅದಕ್ಕೆ ಲೈಸೆನ್ಸು ಬೇಡವೇ ಎಂದಳು.

ಕೊಳ್ಳೇಗಾಲದ ಕ್ಯಾಮೆರಾ ಅಂಗಡಿಗೆ ಭಾವನನ್ನೂ ಕರೆದುಕೊಂಡು ಹೋದೆ. ಅಂಗಡಿಯವರು ಮೂರು ಮೈಕು ಮುಂದಿಟ್ಟರು: ಹೆಬ್ಬೆರಳಿನಷ್ಟು ಒಂದು, ಗೇಣುದ್ದ ಒಂದು, ಮೊಳದ ಹತ್ತಿರ ಒಂದು. ನಾನು ಹೆಡ್‌ಫೋನು ಹಾಕಿಕೊಂಡು, ಹಲೋ ಹಲೋ, ಕರ್ನಾಟಕದ ನದಿಗಳು ಎಂದು ಪಾಠದ ದನಿಯಲ್ಲಿ ಶುರು ಮಾಡಿದೆ. ಮೂರರಲ್ಲೂ ನಾನು ಅಮೋಘವಾಗಿ ಕೇಳಿಸಿದೆ. ಅಳೆದೂ ಸುರಿದೂ ಯಾವುದೆಂದು ಗೊತ್ತಾಗಲಿಲ್ಲ. ಜೋರು ದನಿಗೆ ಯಾವ ಮೈಕಾದರೂ ಒಂದೇ ಸಾರ್, ಯಾರ ಮಾತು ಹಿಡಿಯಬೇಕೋ ಅವರ ಕೈಲೇ ಮಾತಾಡಿಸಿ ಎಂದರು ಅಂಗಡಿಯವರು.

ಭಾವ ಬೇಡವೆಂದು ಕೈಯಾಡಿಸಿದರು. ನಾನು ಬಿಡಲಿಲ್ಲ. ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸಿದೆ. ಹೊರಗೆ ಬಸ್ಸು, ಆಟೋ, ಹಾರನ್ನು. ಏನು ಹೇಳುವುದೆಂದು ಹೊಳೆಯದೆ, ನಾಚಿಕೊಂಡು, ತಮಗೆ ಬಾಯಿಪಾಠವಾಗಿದ್ದ ಊರುಗಳನ್ನೇ ಹೇಳತೊಡಗಿದರು. ಸಣ್ಣ ಮೈಕಿನಲ್ಲಿ ಅವರ ದನಿಗೆಂದು ಸದ್ದು ಏರಿಸಿದಾಗ ಮೈಕಿನದೇ ಒಂದು ಸುಯ್ಯೆನ್ನುವ ಸದ್ದು ಎದ್ದು ಅವರ ಉಸಿರಿನ ಜೊತೆ ಕಲೆತುಹೋಯಿತು. ಎರಡರಲ್ಲಿ ಭಾವ ಯಾವುದು, ಮೈಕು ಯಾವುದು ತಿಳಿಯುವಂತಿರಲಿಲ್ಲ. ಮೆಲುದನಿಗೆ ಮೈಕು ಆರಿಸುವಾಗ ಮೊದಲು ನೋಡಬೇಕಾದದ್ದು ಮೈಕು ತಾನೆಷ್ಟು ಸುಮ್ಮನಿರುತ್ತದೆ ಎನ್ನುವುದನ್ನು ಎಂದು ನನಗೆ ಅಲ್ಲಿ ಗೊತ್ತಾಯಿತು. ನಮ್ಮ ಮನೆಯವರಿಗೂ ಈ ಪರೀಕ್ಷೆ ಇಟ್ಟಿದ್ದರೆ ಒಬ್ಬರೂ ಪಾಸಾಗುತ್ತಿರಲಿಲ್ಲ.

ಉದ್ದದ ಮೈಕು ಸದ್ದಿಲ್ಲದ್ದು, ಚೊಕ್ಕ. ಆದರೆ ಅದು ಬಲು ನೇರ. ಭಾವನಿಗೆ ಮಾತಾಡುವಾಗ ಎಡಕ್ಕೆ ಬಲಕ್ಕೆ ಕತ್ತು ತಿರುಗಿಸುವ ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ. ‘ಅನೂರು’ ಸಿಕ್ಕಿತು, ‘ಕೌದಳ್ಳಿ’ ಅರ್ಧ ಹೋಯಿತು. ಗೇಣುದ್ದದ್ದನ್ನು ಸಿಕ್ಕಿಸಿದಾಗ ಎಲ್ಲವೂ ಬಂತು. ಹೊರಗಿನ ಬಸ್ಸು ಎಲ್ಲೋ ದೂರದಲ್ಲಿ, ಭಾವ ನನ್ನ ಕಿವಿಯ ಪಕ್ಕದಲ್ಲಿ. ಎರಡು ವರ್ಷದಲ್ಲಿ ಮೊದಲ ಸಲ ನಾನು ಮುಂದಕ್ಕೆ ಬಾಗದೆ, ಕಣ್ಣು ಕಿರಿದು ಮಾಡದೆ ಅವರ ಮಾತು ಕೇಳಿದೆ. ಕಣ್ಣು ತುಂಬಿ ಬಂತು. ಅಂಗಡಿಯವರ ಮುಂದೆ ಮರ್ಯಾದೆ ಹೋಗುತ್ತದೆಂದು ಹೆಡ್‌ಫೋನಿನ ವೈರು ಬಿಡಿಸುವ ನೆಪ ಮಾಡಿದೆ.

ಬಿಲ್ಲು ಮಾಡುವಾಗ ಅಂಗಡಿಯವರು ಇನ್ನೊಂದು ಮಾತು ಹೇಳಿದರು. ಎಂಥ ಮೈಕಾದರೂ ಕ್ಯಾಮೆರಾದ ತಲೆಯ ಮೇಲಿಟ್ಟು ದೂರದಲ್ಲಿ ನಿಂತರೆ ದಂಡ. ಆದಷ್ಟೂ ಹತ್ತಿರ ಒಯ್ಯಬೇಕು, ಮಾತಾಡುವವರ ಬೆನ್ನ ಹಿಂದೆ ಏನಿದೆಯೆಂದು ನೋಡಬೇಕು, ಯಾಕೆಂದರೆ ಮುಂದಿರುವ ಮನುಷ್ಯನನ್ನು ಕೇಳುವ ಮೈಕು ಅವನ ಹಿಂದಿರುವುದನ್ನೂ ಕೇಳುತ್ತದೆ.

ಒಪ್ಪುವೀಳ್ಯದ ದಿನ ಅದೇ ತೊಡಕಾಯಿತು. ಮನೆ ಮುಂದೆ ಶಾಮಿಯಾನ ಹಾಕಿ ಜಮಖಾನ ಹಾಸಿದ್ದರು. ಹೆಣ್ಣಿನ ಕಡೆಯವರು ಪೂರ್ವಕ್ಕೆ ಮುಖ ಮಾಡಿ ಕೂರಬೇಕೆಂದು ಭಾವನ ಅಣ್ಣ ಹಟ ಹಿಡಿದರು. ಹಾಗೆ ಕೂತರೆ ಭಾವನ ಬೆನ್ನಿಗೆ ಸರಿಯಾಗಿ ರಸ್ತೆ, ರಸ್ತೆಯ ಮೇಲೆ ಟ್ರ್ಯಾಕ್ಟರು. ನಾನು ವಾದಿಸಿದೆ, ಶಾಸ್ತ್ರಕ್ಕಿಂತ ನಿನ್ನ ಕ್ಯಾಮೆರಾ ಡಬ್ಬ ದೊಡ್ಡದೇನಯ್ಯಾ ಎಂದರು. ಆಮೇಲೆ ಹೊಳೆಯಿತು. ಶಾಮಿಯಾನದ ಅಡ್ಡಗಳುವಿಗೆ ಮೈಕು ಕಟ್ಟಿ, ಭಾವನ ಬಾಯಿಗೆ ಗುರಿಯಾಗಿ ಮೇಲಿನಿಂದ ಕೆಳಕ್ಕೆ ಇಳಿಬಿಟ್ಟೆ. ಈಗ ಅದರ ಎದುರಿಗಿದ್ದದ್ದು ಭಾವ, ಅವರ ಹಿಂದೆ ರಸ್ತೆಯ ಬದಲು ಜಮಖಾನ. ಗಾಳಿಗೆಂದು ಮೈಕಿಗೆ ತೊಡಿಸಿದ್ದ ಕೂದಲಿನ ಕವಚ ನೋಡಿ ಯಳಂದೂರಿನ ಅಜ್ಜಿಯೊಬ್ಬರು, ಮುಂಗುಸಿಯನ್ನು ಯಾಕೆ ನೇತು ಹಾಕಿದ್ದಾರೆಂದು ವಿಚಾರಿಸಿದರು.

ಎರಡು ಕಡೆಯವರೂ ಕೂತರು. ತಟ್ಟೆಗಳಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಬಂದವು. ಮಾತು ಕೊಡಿ ಎಂದರು ಹಿರಿಯರು. ನಾನು ಹೆಡ್‌ಫೋನು ಹಾಕಿಕೊಂಡು ಕ್ಯಾಮೆರಾದ ಹಿಂದಿದ್ದೆ. ಭಾವ ಉಸಿರೆಳೆದುಕೊಂಡರು. ಅಷ್ಟರಲ್ಲೇ ಅವರ ಅಣ್ಣ, ಪಾಪ, ತಮ್ಮನ ಮೇಲಿನ ಮರುಕಕ್ಕೋ ಅಭ್ಯಾಸಬಲಕ್ಕೋ, ಹೆಣ್ಣು ಕೊಟ್ಟೆವು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಬಿಟ್ಟರು. ತಕ್ಕೊಂಡೆವು ಎಂದರು ಗಂಡಿನ ಕಡೆಯವರು. ತಟ್ಟೆ ಎತ್ತಿದರು, ನಗು ಎದ್ದಿತು, ಹೆಂಗಸರು ಮಾತಿಗೆ ಶುರುವಾದರು, ಯಾರೋ ಕಾಫಿಗೆ ಕೂಗಿದರು.

ನನ್ನ ಕಿವಿಯಲ್ಲಿ ಭಾವ ಮಾತಾಡುತ್ತಲೇ ಇದ್ದರು. ಹೊರಗಿನವರ ಕಣ್ಣಿಗೆ ಅವರು ಎಲೆ ಅಡಿಕೆ ಮೆಲ್ಲುವವರಂತೆ ಕಂಡಿರಬೇಕು. ಕೊಟ್ಟೆವು ಎಂಬಲ್ಲಿಗೆ ಅವರ ಮಾತು ನಿಂತಿರಲಿಲ್ಲ, ಮುಂದೆಯೂ ಇತ್ತು. ಒಂದು ಗಳಿಗೆ ನಾನೂ, ಮೈಕಿಗೆ ಸಿಕ್ಕಿತಲ್ಲ, ನಾನು ಬಂದ ಕೆಲಸ ಆಯಿತು, ಆಮೇಲೆ ಎಲ್ಲರಿಗೂ ಹಾಕಿ ತೋರಿಸಿದರಾಯಿತು ಎಂದುಕೊಂಡೆ. ಮರುಗಳಿಗೆಯೇ ನನ್ನ ಮೇಲೆ ನನಗೆ ಸಿಟ್ಟು ಬಂತು. ಎದುರಿಗೆ ಕೂತ ಬೀಗರಿಗೆ ಆಡಿದ ಮಾತು ಡಬ್ಬದೊಳಗಿದ್ದು ಏನಾಗಬೇಕು?

“ಸುಮ್ನಿರಿ ಎಲ್ಲಾರೂವೆ,” ಅಂದೆ, ಕ್ಲಾಸಿನ ದನಿಯಲ್ಲೇ. “ಭಾವ ಇನ್ನೂ ಮಾತಾಡ್ತಾವ್ರೆ.”

ಒಪ್ಪುವೀಳ್ಯದ ನಡುವೆ ಹೆಣ್ಣಿನ ಸೋದರಮಾವ ತಡೆದನೆಂದರೆ ಸಣ್ಣ ವಿಷಯವಲ್ಲ. ಗಂಡಿನ ಕಡೆಯವರು ಏನೋ ತಕರಾರು ಬಂತೆಂದು ಮುಖ ಮುಖ ನೋಡಿಕೊಂಡರು. ಅಣ್ಣನ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. ಅಕ್ಕನ ಮುಖ ಕಪ್ಪಿಟ್ಟಿತು. ಭಾವ ನನ್ನನ್ನು ನೋಡಿದರು. ಆಮೇಲೆ ಮೊದಲಿನಿಂದ ಶುರು ಮಾಡಿದರು. ಹಿಂದಿದ್ದವರು ಮುಂದೆ ಬಂದರು. ಬಂದಾಗಿನಿಂದ ಬಾಯಿ ಮುಚ್ಚದಿದ್ದ ಹುಡುಗನ ತಾಯಿ ತಾವಾಗಿಯೇ ಎದ್ದು ಬಂದು ಭಾವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

“ಎಣ್ಣು ಕೊಟ್ಟೊ,” ಅಂದರು ಭಾವ. ಉಸಿರೆಳೆದುಕೊಂಡರು. ಯಾರೂ ತುಟಿ ಬಿಚ್ಚಲಿಲ್ಲ. “ಅವ್ಳು ಮಾತಾಡುವಾಗ ಮಧ್ಯಕ್ಕೆ ಬಾಯಾಕ್ಬ್ಯಾಡಿ. ತಡ ಆದ್ರೂ ಅವ್ಳ ಮಾತ ಅವ್ಳೇ ಮುಗುಸ್ಲಿ. ಬ್ಯಾರೇರು ಮುಗುಸುದ್ರೆ ಅದು ಅವ್ಳ ಮಾತಲ್ಲ.”

ಹುಡುಗನ ತಾಯಿ ಆಗಲಿ ಎಂದು ಕೈ ಮುಗಿದರು. ಬಾಗಿಲ ಹಿಂದೆ ಭಾವನ ಮಗಳು ಅಳುತ್ತಿದ್ದಳು. ಭಾವನ ಅಣ್ಣ ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ತಟ್ಟೆಯನ್ನು ತಮ್ಮನ ಕೈಗಿತ್ತರು. ನನಗೆ ಹೆಡ್‌ಫೋನು ಬೇಕಾಗಿರಲಿಲ್ಲ, ತೆಗೆದು ಕತ್ತಿಗೆ ಹಾಕಿಕೊಂಡೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನ ಪಕ್ಕಕ್ಕೆ ಬಂದು, ಯಾವತ್ತೂ ಕೇಳದಿದ್ದ ಒಂದು ಮಾತು ಕೇಳಿದಳು.

“ಮುಗೀತಾ?”

ಭಾವ ಇಲ್ಲವೆಂದು ತಲೆಯಾಡಿಸಿದರು. ಇನ್ನೂ ಇದೆ ಎಂಬಂತೆ ಕೈ ತೋರಿಸಿ ಉಸಿರೆಳೆದುಕೊಳ್ಳತೊಡಗಿದರು. ಅಕ್ಕ ಅಲ್ಲೇ ಜಮಖಾನದ ಮೇಲೆ ಕೂತು ಕಾದಳು.