ಸೀರೆ ಮಡಿಸುವ ಸೀನಿಗೆ ಮ್ಯೂಸಿಕ್ಕು

ಎನ್.ಆರ್. ಕಾಲೋನಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ನಾನು ಸಿನಿಮಾಗಳಿಗೆ ಸಂಗೀತ ಕೂಡಿಸೋದು. ಅವತ್ತು ಹೊಸ ನಿರ್ದೇಶಕರೊಬ್ಬರು ಬಂದು ಕೂತಿದ್ದರು. ಹೆಂಡತಿ ತೀರಿಹೋದ ಮೇಲೆ ಗಂಡ ಅವಳ ಸೀರೆಯನ್ನು ಒಬ್ಬನೇ ಮಡಿಸಲು ಒದ್ದಾಡುವ ಸೀನು. ಕೊಳಲು ಹಾಕಿ ಕೇಳಿಸಿದೆ. "ಚೆನ್ನಾಗಿದೆ ಸಾರ್," ಅಂದರು. ವೀಣೆ ಹಾಕಿದೆ. ಅದೇ ಮಾತು, ಅದೇ ಸಪ್ಪೆ ಮುಖ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಅಂತಾರಲ್ಲ, ಹಾಗೆ. ಈ ಸಿನಿಮಾ ಕೈತಪ್ಪಿತು ಅಂದುಕೊಂಡೆ.

ಸಿಟ್ಟಲ್ಲಿ ಮ್ಯೂಸಿಕ್ಕನ್ನು ಪೂರ್ತಿ ಮ್ಯೂಟ್ ಮಾಡಿ, ಸೀನನ್ನು ಓಡಲು ಬಿಟ್ಟು, ಕಾಫಿ ತರಲು ಕೆಳಗೆ ಹೋದೆ. ವಾಪಸ್ ಬಂದಾಗ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೋಣೆಯಲ್ಲಿ ಸೀರೆಯ ಸರಬರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

"ಇದೇ ಸಾರ್ ನಂಗೆ ಬೇಕಿದ್ದಿದ್ದು," ಅಂದರು.

"ಮೊದಲೇ ಹೇಳೋದಲ್ವೇನ್ರೀ?"

"ಮ್ಯೂಸಿಕ್ ಡೈರೆಕ್ಟರ್ ಮನೇಲೇ ಕೂತ್ಕೊಂಡು ಮ್ಯೂಸಿಕ್ಕೇ ಬೇಡ ಅಂತ ಹೆಂಗ್ ಸಾರ್ ಹೇಳ್ಲಿ?"

ಅಬ್ಬ, ಬದುಕಿದೆ ಅನ್ನಿಸಿ ಜೋರಾಗಿ ನಕ್ಕುಬಿಟ್ಟೆ. ಅವತ್ತೇ ನಮ್ಮಿಬ್ಬರಲ್ಲಿ ಒಂದು ಕರಾರಾಯ್ತು: "ಚೆನ್ನಾಗಿದೆ" ಅನ್ನೋ ಮಾತು ಈ ಮಹಡಿ ಹತ್ತಬಾರದು. ಈಗ ಅವರ ಸಿನಿಮಾಗಳಿಗೆಲ್ಲ ನಾನೇ.

ಆ ಸಿನಿಮಾ ಬಿಡುಗಡೆಯಾದ ಮೇಲೆ ಗಾಂಧಿಬಜಾರಿನಲ್ಲಿ ಪರಿಚಯದವರೊಬ್ಬರು ಕೈ ಹಿಡಿದು, "ಆ ಸೀರೆ ಸೀನಲ್ಲಿ ನಿಮ್ ಮ್ಯೂಸಿಕ್ಕು, ಏನ್ ಸಾರ್ ಅದು, ಇನ್ನೂ ಕಿವೀಲೇ ಇದೆ!" ಅಂದರು.

"ತುಂಬಾ ಕಷ್ಟಪಟ್ಟೆ ಸಾರ್," ಅಂದೆ.