ಬೇಡ ಅಂದ ಬಾವಿಯವನು

ಕಸುಬಿನಲ್ಲಿ ಟೈಲರ್ ಆದರೂ, ಮೀನು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಕಿರಿಮಂಜೇಶ್ವರದಲ್ಲಿ ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ಬಂಗುಡೆಯ ಕಿವಿರು ಎತ್ತಿ ನೋಡಿದರೆ ಸಾಕು, ಅದು ಇವತ್ತಿನದೋ ಮೊನ್ನೆಯದೋ ಗೊತ್ತಾಗಿಬಿಡುತ್ತದೆ. ಕಷ್ಟವೆಂದರೆ ಮನುಷ್ಯನಿಗೆ ಕಿವಿರಿಲ್ಲ. ಹಾಗಾಗಿ ಕೆಲಸದವರನ್ನು ಆರಿಸುವಾಗಲೆಲ್ಲ ನಾನು ಮೊನ್ನೆಯ ಮಾಲನ್ನೇ ಮನೆಗೆ ತಂದಿದ್ದೇನೆ. ನಾನು ಮೆಚ್ಚಿ ಕರೆಸಿದ ಎಲೆಕ್ಟ್ರೀಷಿಯನ್ ಹೋದ ಮೇಲೆ, ಅಡುಗೆಮನೆಯ ಸ್ವಿಚ್ ಒತ್ತಿದರೆ ಜಗಲಿಯ ಫ್ಯಾನ್ ತಿರುಗುತ್ತಿತ್ತು.

ನಮ್ಮ ಕಡೆ ವಿಚಾರಿಸಿ ತಿಳಿಯುವುದೂ ಸುಲಭವಲ್ಲ. ಕುಂದಾಪುರದಿಂದ ಬೈಂದೂರಿನವರೆಗೆ ಯಾರನ್ನು ಕೇಳಿದರೂ ಆ ಕೆಲಸದವನು ಅವರ ಭಾವನೋ ಅಳಿಯನೋ ಆಗಿರುತ್ತಾನೆ. "ಅಡ್ಡಿಲ್ಲ ಮಾರಾಯ್ರೆ, ಮಾಡ್ತ" ಎನ್ನುತ್ತಾರೆ. ಹೆಣ್ಣು ಕೊಡುವಾಗ ಮೂರು ತಲೆಮಾರು ಜಾಲಾಡುವ ನಾವು, ನಮ್ಮ ಮನೆಯ ಮಾಡಿನ ಮೇಲೆ ಹತ್ತುವವನ ಬಗ್ಗೆ ಇಷ್ಟಕ್ಕೇ ತೃಪ್ತರಾಗುತ್ತೇವೆ.

ಹೋದ ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಮೊಣಕಾಲಿಗೆ ಇಳಿಯಿತು. ಸಮುದ್ರ ಮನೆಗೆ ಕೂಗಳತೆಯಲ್ಲಿದೆ, ಆದರೂ ನಮ್ಮ ಬಾವಿಯ ನೀರು ಎಳನೀರಿನಷ್ಟು ಸಿಹಿ. ಅಪ್ಪ ತೋಡಿಸಿದ ಬಾವಿ. ಅದು ಕೆಟ್ಟರೆ ನಮಗೆ ಬೇರೆ ನೀರಿಲ್ಲ. ಹೆದರಿ ಬಾವಿ ತೋಡುವವನೊಬ್ಬನನ್ನು ಕರೆಸಿದೆ. ಹೊಳೆಯುವ ಬೈಕು, ಬಣ್ಣದ ವಿಸಿಟಿಂಗ್ ಕಾರ್ಡು, ಕಿವಿಯಲ್ಲಿ ಇಯರ್‌ಫೋನು. ಬಾವಿಯೊಳಗೆ ಇಣುಕಿ ನೋಡುವ ಮೊದಲೇ, "ಎಂಟಡಿ ಇಳ್ಸ್ವ, ಬುಧವಾರವೇ ಬತ್ತೆ" ಎಂದ. ನಾನು ಏನು ಕೇಳಿದರೂ ಆಯಿತು ಎಂದ. ಎಂಥ ಸಜ್ಜನ ಎಂದು ಉಬ್ಬಿಹೋದೆ. ಪಕ್ಕದ ಮನೆಯ ಪದ್ದಕ್ಕನಿಗೂ ಅವನ ನಂಬರು ದಾಟಿಸಿದೆ.

ನನ್ನ ಹೆಂಡತಿ ಗಿರಿಜ ಮಾತ್ರ ಕಾರ್ಡನ್ನು ತಿರುಗಿಸಿ ನೋಡಿ, "ಬಂಗುಡಿ ಕಾಂಬುಕೆ ಬತ್ತ್, ಮನ್ಷ್ರನ್ ಕಾಂಬುಕೆ ಬತ್ತಿಲ್ಲ್ಯಾ ನಿಮ್ಗೆ?" ಎಂದಳು. ಬಿಜೂರಿನ ತನ್ನ ಅಣ್ಣನಿಗೆ ಫೋನು ಮಾಡಿದಳು. ಬಾವಿಯವನು ಒಳ್ಳೆಯವನೋ ಎಂದು ಕೇಳಲಿಲ್ಲ, ಯಾರನ್ನು ಎರಡನೇ ಸಲವೂ ಕರೆದಿರಿ ಎಂದಷ್ಟೇ ಕೇಳಿದಳು.

ಹಾಗೆ ಬಂದವರು ಮಂಜಣ್ಣ. ಬಸ್ಸಿನಲ್ಲಿ ಬಂದರು, ಹೆಗಲ ಮೇಲೆ ಒಂದು ಹಗ್ಗ. ನಮ್ಮ ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನಿಂತರು. ಆಮೇಲೆ ಸಮುದ್ರದ ಕಡೆಯ ಮೂರು ಮನೆಗಳಿಗೆ ಹೋಗಿ ಅಲ್ಲಿನ ಬಾವಿಗಳ ನೀರಿನ ರುಚಿಯನ್ನೂ ನೋಡಿ ಬಂದರು. ನಾನು ಗಡಿಯಾರ ನೋಡುತ್ತಾ ಚಡಪಡಿಸಿದೆ.

"ಮಾಸ್ಟ್ರೇ, ಒಂದಡಿನೂ ಇಳ್ಸುದ್ ಬ್ಯಾಡ" ಎಂದರು. "ಅಡಿಗ್ ಹ್ವಾರೆ ಉಪ್ಪ್ ನೀರ್ ಬತ್ತ್. ಒಂದ್ಸಲ ಬಂದ್ರೆ ಮತ್ ಹೋತಿಲ್ಲೆ. ಹೂಳ್ ತೆಗುವ, ಸಣ್ಣ ಮೋಟ್ರ್ ಹಾಕಿ, ಬಾವಿಗೂ ಉಸ್ರ್ ಬಿಡುಕೆ ಬಿಡಿ."

ಹತ್ತು ದಿನದ ಕೆಲಸವನ್ನು ತಾನೇ ಒಂದು ದಿನಕ್ಕೆ ಇಳಿಸಿಕೊಂಡ ಮನುಷ್ಯನನ್ನು ನಾನು ಬಾಯಿಬಿಟ್ಟು ನೋಡಿದೆ. ಬುಧವಾರದವನಿಗೆ ಬೇಡವೆಂದು ಫೋನು ಮಾಡಿದೆ. ಪದ್ದಕ್ಕನಿಗೂ ಓಡಿಹೋಗಿ ಹೇಳಿದೆ. "ನಿನ್ನೆ ನೀವೇ ಹೊಗ್ಳಿದ್ರಿ, ಇವತ್ತ್ ನೀವೇ ಬ್ಯಾಡ ಅಂತ್ರಿ" ಎಂದು ನಕ್ಕರು. ನಮ್ಮ ಬುಧವಾರ ಅವರ ಪಾಲಾಯಿತು, ಅವನು ಅವರ ಬಾವಿಯನ್ನು ಎಂಟಡಿ ಇಳಿಸಿದ.

ಮೇ ಕೊನೆಯವರೆಗೂ ನಮ್ಮ ಬಾವಿ ಬತ್ತಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮೋಟಾರು. ನೀರು ಅದೇ ಸಿಹಿ. ಪದ್ದಕ್ಕನ ಬಾವಿಯಲ್ಲಿ ನೀರು ತುಂಬಿ ತುಳುಕಿತು, ಆದರೆ ಅದರಲ್ಲಿ ಬೇಯಿಸಿದ ಗಂಜಿಗೆ ಉಪ್ಪು ಹಾಕಬೇಕಾಗಿರಲಿಲ್ಲ. ದಿನಾ ಕೊಡಪಾನ ಹಿಡಿದು ನಮ್ಮಲ್ಲಿಗೆ ಬರುತ್ತಾರೆ. ನಂಬರು ಕೊಟ್ಟ ಪಾಪಕ್ಕೆ ನಾನೇ ಸೇದಿ ಕೊಡುತ್ತೇನೆ, ಇವತ್ತಿಗೂ ಮುಖ ಕೊಟ್ಟು ಮಾತಾಡಲು ನಾಚಿಕೆ.

ಆ ಬೇಸಿಗೆಯಲ್ಲೇ ನನ್ನ ಟೈಲರ್ ಅಂಗಡಿಗೆ ಬ್ರಹ್ಮಾವರದ ಹೆಂಗಸೊಬ್ಬರು ಬಂದರು. ಮಗಳ ಮದುವೆಗೆ ಅಜ್ಜಿಯ ಹಳೆಯ ರೇಷ್ಮೆಯ ಪಟ್ಟೆಸೀರೆಯನ್ನು ಕತ್ತರಿಸಿ ಲಂಗ ಹೊಲಿದುಕೊಡಬೇಕಂತೆ. ಮೊದಲಾಗಿದ್ದರೆ ಆಯಿತು ಎಂದು ಅಳತೆ ಟೇಪು ಎತ್ತುತ್ತಿದ್ದೆ. ಅಂದು ಸೀರೆಯನ್ನು ಬೆಳಕಿಗೆ ಹಿಡಿದೆ, ಮಡಿಕೆಯಲ್ಲಿ ಎಳೆ ಸೀಳಿತ್ತು. ಬೇಡ, ಕತ್ತರಿ ತಾಗಿದರೆ ಇದು ಉಳಿಯುವುದಿಲ್ಲ, ಹೀಗೇ ಉಡಿಸಿ ಎಂದೆ. ಮೂವತ್ತು ವರ್ಷದ ಟೈಲರಿಕೆಯಲ್ಲಿ ಬಂದ ಕೆಲಸವನ್ನು ನಾನು ವಾಪಸು ಕಳಿಸಿದ್ದು ಅದೇ ಮೊದಲು. ಆಕೆ ಸೀರೆ ಮಡಚಿಕೊಂಡು ಹೋದರು.

ವಾರ ಕಳೆದು ಆಟೋದಲ್ಲಿ ಬಂದಿಳಿದರು. ಮದುವೆಮನೆಯ ಇಪ್ಪತ್ತೆರಡು ರವಿಕೆಯ ಬಟ್ಟೆಯನ್ನು ಮೇಜಿನ ಮೇಲೆ ಸುರಿದು, "ಅಜ್ಜಿ ಸೀರಿ ಹಾಂಗೇ ಉಳ್ದದ್ ಕಂಡ್ ಮಗ್ಳಿಗೆ ಕಣ್ಣಂಗ್ ನೀರ್ ಬಂತ್, ಮಾಸ್ಟ್ರೇ. ಇನ್ನೆಲ್ಲ ನೀವೇ ಹೊಲಿಕ್" ಎಂದರು.

ಆ ಮಧ್ಯಾಹ್ನ ಮನೆಗೆ ಹೋದವನು ನೇರ ಬಾವಿಕಟ್ಟೆಗೆ ನಡೆದೆ. ಒಂದು ಕೊಡ ಸೇದಿ, ಬೊಗಸೆ ತುಂಬ ಹಿಡಿದು, ಮಂಜಣ್ಣನ ಹಾಗೆಯೇ ಕಣ್ಣು ಮುಚ್ಚಿ ಕುಡಿದೆ.